ಬಿದ್ದವರಿಗೆ ತೆರೆದ ಬಾಗಿಲು

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ಸಾಲದ ಕಥೆ ಬರುತ್ತದೆ. ಒಬ್ಬ ಅರಸನಿಗೆ ಅವನ ಸೇವಕನು ಹತ್ತು ಸಾವಿರ ತಲಾಂತುಗಳನ್ನು ತೀರಿಸಬೇಕಾಗಿದ್ದಿತು. ತೀರಿಸುವ ಶಕ್ತಿಯಿಲ್ಲದೆ ಅವನು ಕಾಲಿಗೆ ಬಿದ್ದು ಬೇಡಿಕೊಳ್ಳಲು ಅರಸನು ಮರುಗಿ ಸಾಲವನ್ನೆಲ್ಲ ಬಿಟ್ಟುಕೊಟ್ಟನು. ಆ ಸೇವಕನಾದರೋ ಅರಮನೆಯಿಂದ ಹೊರಕ್ಕೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆಯನ್ನು ಹಿಡಿದು ಅವನನ್ನು ಸೆರೆಮನೆಗೆ ಹಾಕಿಸಿದನು. ಕಥೆಯ ತಿರುಳು ಅದರ ಲೆಕ್ಕದಲ್ಲಿದೆ. ದಿನಾರಿಯೆಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಸಂಬಳ; ತಲಾಂತೊಂದಕ್ಕೆ ಸುಮಾರು 6,000 ದಿನಾರಿ. ಬೆಳಗಿನ ಹೊತ್ತು ಬೆಂಗಳೂರಿನ ಗೊರಗುಂಟೆಪಾಳ್ಯದ ಕೂಡುರಸ್ತೆಯಲ್ಲಿ ಬಸ್ಸಿನಿಂದಲೋ ಮೆಟ್ರೋದಿಂದಲೋ ಇಳಿದು ಪೀಣ್ಯದ ಕಾರ್ಖಾನೆಗಳ ಕಡೆಗೆ ನಡೆಯುವ ಕೆಲಸಗಾರನೊಬ್ಬನು ವರ್ಷಕ್ಕೆ 300 ದಿನ ದುಡಿದು, ಊಟಕ್ಕೆ ಬಾಡಿಗೆಗೆ ಒಂದು ಕಾಸನ್ನೂ ಖರ್ಚು ಮಾಡದೆ ಕಟ್ಟುತ್ತ ಹೋದನೆಂದರೆ, ಅರಸನ ಸಾಲ ತೀರುವುದಕ್ಕೆ 2,00,000 ವರ್ಷ ಹಿಡಿದೀತು. ಜೊತೆಗಾರನ ಸಾಲಕ್ಕೆ ನಾಲ್ಕು ತಿಂಗಳು ಸಾಕು.

ಈ ಕಥೆಯನ್ನು ಯೇಸು ಹೇಳಿದ್ದು ಒಂದು ಪ್ರಶ್ನೆಗೆ ಉತ್ತರವಾಗಿ. ತನಗೆ ತಪ್ಪುಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಶಿಷ್ಯನಾದ ಪೇತ್ರನು ಕೇಳಿದ್ದನು. ಏಳೆಂಬುದು ಅವನ ಮಟ್ಟಿಗೆ ಧಾರಾಳವಾದ ಸಂಖ್ಯೆಯೇ ಸರಿ. ಗುರುವು ಅದನ್ನು ಎಪ್ಪತ್ತರಿಂದ ಗುಣಿಸಿ, ಲೆಕ್ಕವಿಡುವ ಅಭ್ಯಾಸವನ್ನೇ ವ್ಯರ್ಥವಾಗಿಸಿಬಿಟ್ಟನು. ಗೊರಗುಂಟೆಪಾಳ್ಯ, ಯಶವಂತಪುರ, ಮತ್ತಿಕೆರೆ, ಜಾಲಹಳ್ಳಿಗಳ ಸುತ್ತಿನಲ್ಲಿ ಭಾನುವಾರ ಕನ್ನಡದಲ್ಲಿ, ತಮಿಳಿನಲ್ಲಿ, ಮಲೆಯಾಳದಲ್ಲಿ, ತೆಲುಗಿನಲ್ಲಿ ಸೇರುವ ಕ್ರೈಸ್ತ ಸಭೆಗಳು, ಒಂದಕ್ಕೊಂದು ಸಿದ್ಧಾಂತದಲ್ಲಿ ಹೊಂದದಿದ್ದರೂ, ಯೇಸು ಕಲಿಸಿದ ಪ್ರಾರ್ಥನೆಯೊಂದನ್ನು ಮಾತ್ರ ಸಮಾನವಾಗಿ ಉಳಿಸಿಕೊಂಡಿವೆ. ಆ ಪ್ರಾರ್ಥನೆಯಲ್ಲಿ ಅನ್ನದ ಬೇಡಿಕೆಯಾದ ಕೂಡಲೇ ಕ್ಷಮೆಯ ಬೇಡಿಕೆ ಬರುತ್ತದೆ, ಮತ್ತು ಆ ಬೇಡಿಕೆಗೆ ಬೇಡುವವನೇ ಒಂದು ಷರತ್ತನ್ನು ಹಾಕಿಕೊಳ್ಳುತ್ತಾನೆ: ನಾನು ಇತರರನ್ನು ಕ್ಷಮಿಸಿದ ಪ್ರಮಾಣದಲ್ಲಿ ನನ್ನನ್ನು ಕ್ಷಮಿಸು ಎಂದು. ಬೇಡುವವನು ತನ್ನ ಬೇಡಿಕೆಗೆ ತಾನೇ ಇಷ್ಟು ಬಿಗಿಯಾದ ಕಟ್ಟನ್ನು ಹಾಕಿಕೊಳ್ಳುವ ಪ್ರಾರ್ಥನೆಗಳು ವಿರಳ.

ಕ್ಷಮೆಯು ಕ್ರೈಸ್ತರೊಬ್ಬರ ಸ್ವತ್ತೆಂದು ಹೇಳಿದವನು ಈ ನಾಡನ್ನು ಅರಿಯದವನು. ಜೈನರು ಹತ್ತು ಧರ್ಮಲಕ್ಷಣಗಳನ್ನು ಎಣಿಸುವಾಗ ಉತ್ತಮ ಕ್ಷಮೆಯಿಂದಲೇ ಆರಂಭಿಸುತ್ತಾರೆ. ಕ್ಷಮಾವಾಣಿಯ ದಿನ ಮನೆಮನೆಗೆ ಹೋಗಿ, ಅರಿತೋ ಅರಿಯದೆಯೋ ಮಾಡಿದ ನೋವಿಗಾಗಿ ಕ್ಷಮೆ ಬೇಡುತ್ತಾರೆ. ಮುಸಲ್ಮಾನರು ಹೇಳುವ ದೇವರ ನಾಮಗಳಲ್ಲಿ ಕ್ಷಮಿಸುವವನೆಂಬರ್ಥದವು ಒಂದಕ್ಕಿಂತ ಹೆಚ್ಚಾಗಿಯೇ ಇವೆ. ಮಹಾಭಾರತದ ವನಪರ್ವದಲ್ಲಿ ದ್ರೌಪದಿಗೂ ಧರ್ಮರಾಯನಿಗೂ ನಡೆದ ಸಂವಾದವಂತೂ ಕ್ಷಮೆಯ ಗುಣದೋಷಗಳನ್ನು ಕುರಿತು ಜಗತ್ತಿನ ಯಾವ ಸಾಹಿತ್ಯದಲ್ಲಿಯೇ ಆಗಲಿ ದೊರೆಯಬಹುದಾದ ಅತ್ಯಂತ ತೀಕ್ಷ್ಣವಾದ ಚರ್ಚೆಗಳಲ್ಲೊಂದು. ಹಾಗಾದರೆ ಕ್ರೈಸ್ತ ಪರಂಪರೆಯ ವಿಶೇಷವೇನು? ಶಿಲುಬೆಯ ಮೇಲೆ ಸಾಯುತ್ತ ತನ್ನನ್ನು ಕೊಲ್ಲುವವರಿಗಾಗಿ ಪ್ರಾರ್ಥಿಸಿದ ಯೇಸುವಿನ ಚಿತ್ರವೇ ಎಲ್ಲರಿಗೂ ಮೊದಲು ನೆನಪಾಗುವುದು. ಕನಕಪುರದ ಕಡೆಯ ಹಾರೋಬೆಲೆಯ ರೈತರು ಯೇಸುವಿನ ಪಾಡನ್ನು ನಾಟಕವಾಗಿ ಆಡುವಾಗಲೂ, ಕಾಸರಗೋಡು ಸೀಮೆಯ ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದಾಗಲೂ, ಮನಸ್ಸನ್ನು ಸೆಳೆದದ್ದು ಆ ಅಂತ್ಯದಿನವೇ. ಆದರೆ ನನ್ನ ಅಭಿಪ್ರಾಯದಲ್ಲಿ ಕ್ರೈಸ್ತ ಕ್ಷಮೆಯು ಎರಡು ಸಾವಿರ ವರ್ಷ ಬಾಳಿ ಬಂದುದಕ್ಕೆ ಕಾರಣ ಆ ಒಂದು ಮಹಾಕ್ಷಣದ ಭವ್ಯತೆ ಮಾತ್ರವಲ್ಲ. ತನ್ನ ಬಳಗದೊಳಗೇ ಮುರಿದುಬಿದ್ದವರನ್ನು, ಹೆದರಿ ಬಿಟ್ಟುಹೋದವರನ್ನು ಮರಳಿ ಒಳಕ್ಕೆ ಕರೆದುಕೊಳ್ಳುವುದು ಹೇಗೆಂಬ ಕಷ್ಟವಾದ ವಿದ್ಯೆಯನ್ನು ಆ ಸಮುದಾಯವು ತಪ್ಪುತ್ತ, ಜಗಳವಾಡುತ್ತ ಕಲಿತದ್ದು ಅದಕ್ಕಿಂತ ಮುಖ್ಯವಾದ ಕಾರಣ. ಆ ವಿದ್ಯೆಯ ಒಂದು ಪಾಠ ನಮ್ಮ ಮೈಸೂರು ಸೀಮೆಯಲ್ಲಿಯೇ ನಡೆಯಿತು. ಅದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಮೊದಲು ಬಿದ್ದವನು ಪೇತ್ರನೇ. ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಅದೇ ಶಿಷ್ಯನು, ಗುರುವನ್ನು ಹಿಡಿದೊಯ್ದ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ, ಒಬ್ಬ ದಾಸಿಯ ಮಾತಿಗೆ ಹೆದರಿ, ಆ ಮನುಷ್ಯನನ್ನು ನಾನು ಅರಿಯೆನೆಂದು ಮೂರು ಬಾರಿ ಹೇಳಿದನು. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಪುನರುತ್ಥಾನಗೊಂಡ ಯೇಸು ಸರೋವರದ ದಡದಲ್ಲಿ ಅವನನ್ನು ಕಂಡು, ನೀನು ಹೀಗೇಕೆ ಮಾಡಿದೆಯೆಂದು ವಿಚಾರಿಸುವುದಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳಿ, ತನ್ನ ಮಂದೆಯನ್ನು ಮೇಯಿಸುವ ಹೊಣೆಯನ್ನು ಅವನಿಗೇ ಒಪ್ಪಿಸುತ್ತಾನೆ. ಸಭೆಯ ತಳಪಾಯದ ಕಲ್ಲೆಂದು ಕರೆಯಲ್ಪಟ್ಟವನೇ ಒಮ್ಮೆ ಬಿರುಕು ಬಿಟ್ಟವನೆಂಬುದನ್ನು ನಾಲ್ಕು ಸುವಾರ್ತೆಗಳೂ ಮುಚ್ಚಿಡದೆ ಬರೆದಿಟ್ಟಿರುವುದು ಸಾಮಾನ್ಯವಾದ ಸಂಗತಿಯಲ್ಲ. ಸಂಪ್ರದಾಯಗಳು ಸಾಧಾರಣವಾಗಿ ತಮ್ಮ ಮೂಲಪುರುಷರ ಕಲೆಗಳನ್ನು ತೊಳೆದೇ ಮುಂದಿನವರ ಕೈಗೆ ಕೊಡುತ್ತವೆ.

ಪೇತ್ರನಿಗೆ ದೊರೆತದ್ದು ಉಳಿದವರಿಗೂ ದೊರೆಯಬೇಕೇ ಎಂಬ ಪ್ರಶ್ನೆ ಮೂರನೆಯ ಶತಮಾನದಲ್ಲಿ ಬಹಳ ನಿಷ್ಠುರವಾಗಿ ಎದ್ದಿತು. ರೋಮಿನ ಚಕ್ರವರ್ತಿ ಡೇಸಿಯಸನು ಸಾಮ್ರಾಜ್ಯದ ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದಕ್ಕೆ ಪ್ರಮಾಣಪತ್ರವನ್ನು ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಅಂಥ ಕೆಲವು ಪ್ರಮಾಣಪತ್ರಗಳು ಈಜಿಪ್ಟಿನ ಮರಳಿನಲ್ಲಿ ಹಾಳಾಗದೆ ಉಳಿದು ನಮ್ಮ ಕಾಲಕ್ಕೆ ದೊರೆತಿವೆ. ಕ್ರಿ.ಶ. 250ರ ಆ ಸಂಕಟದಲ್ಲಿ ಕೆಲವರು ಪ್ರಾಣವನ್ನೇ ಕೊಟ್ಟರು, ಅನೇಕರು ಬಲಿಯರ್ಪಿಸಿದರು, ಇನ್ನು ಕೆಲವರು ಅಧಿಕಾರಿಗೆ ಲಂಚ ಕೊಟ್ಟು, ಬಲಿಯರ್ಪಿಸದೆಯೇ ಪ್ರಮಾಣಪತ್ರವನ್ನು ಮಾತ್ರ ಕೊಂಡುಕೊಂಡರು. ಮರುವರ್ಷ ಡೇಸಿಯಸನು ಯುದ್ಧದಲ್ಲಿ ಮಡಿದನು. ಕಾಟ ಇಳಿಯುತ್ತಲೇ, ಬಿದ್ದವರೆಂದು ಹೆಸರಾದ ಆ ಜನ ದೇವಾಲಯದ ಬಾಗಿಲಿಗೆ ಬಂದು ನಿಂತರು.

ಅವರನ್ನು ಏನು ಮಾಡುವುದು? ರೋಮಿನಲ್ಲಿ ನೊವೇಷಿಯನ್ ಎಂಬ ವಿದ್ವಾಂಸನಾದ ಗುರುವು, ಅವರಿಗೆ ದೇವರು ಕ್ಷಮೆ ನೀಡಿದರೆ ನೀಡಲಿ, ಸಭೆಗೆ ಆ ಅಧಿಕಾರವಿಲ್ಲವೆಂದು ಹಟ ಹಿಡಿದು, ಪರಿಶುದ್ಧರದೇ ಆದ ಬೇರೆಯ ಸಭೆಯನ್ನು ಕಟ್ಟಿದನು. ಆಫ್ರಿಕದ ಕಾರ್ಥೇಜಿನಲ್ಲಿ ತೊಂದರೆ ಬೇರೊಂದು ರೂಪ ತಾಳಿತು: ಸೆರೆಮನೆಯಲ್ಲಿ ಹಿಂಸೆಯನ್ನು ಸಹಿಸಿದ ಧೀರರು, ತಮ್ಮ ಪುಣ್ಯದ ಬಲದಿಂದ, ಕೇಳಿದವರಿಗೆಲ್ಲ ಕ್ಷಮಾಪತ್ರಗಳನ್ನು ಧಾರಾಳವಾಗಿ ಬರೆದುಕೊಡತೊಡಗಿದರು. ಬಿಷಪ್ ಸಿಪ್ರಿಯನನು ಈ ಎರಡು ಅತಿಗಳ ನಡುವೆ ಸಿಕ್ಕಿಕೊಂಡನು. ಅವನ ಸ್ಥಿತಿಯೂ ಮುಜುಗರದ್ದೇ. ಏಕೆಂದರೆ ಕಾಟದ ಕಾಲದಲ್ಲಿ ಅವನು ಊರುಬಿಟ್ಟು ಅಡಗಿಕೊಂಡಿದ್ದು, ಅಡಗುದಾಣದಿಂದಲೇ ಕಾಗದಗಳ ಮೂಲಕ ಸಭೆಯನ್ನು ನಡೆಸಿದವನು. 251ರಲ್ಲಿ ಅವನು ಸೇರಿಸಿದ ಸಭಾಸಮ್ಮೇಳನವು ಒಬ್ಬೊಬ್ಬರ ಸಂಗತಿಯನ್ನೂ ಬೇರೆಬೇರೆಯಾಗಿ ತೂಗಿನೋಡಬೇಕೆಂದು ತೀರ್ಮಾನಿಸಿತು: ಬರಿಯ ಪ್ರಮಾಣಪತ್ರವನ್ನು ಕೊಂಡವರನ್ನು ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿಯನ್ನೇ ಅರ್ಪಿಸಿದವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿರುವುದು, ಸಾಯುವ ಹೊತ್ತಿನಲ್ಲಿ ಯಾರಿಗೂ ಇಲ್ಲವೆನ್ನದಿರುವುದು. ಒಂದೆರಡು ವರ್ಷಗಳಲ್ಲಿ ಮತ್ತೊಂದು ಕಾಟದ ಸುಳಿವು ಕಾಣಿಸಿದಾಗ ಸಿಪ್ರಿಯನನೂ ಅವನ ಜೊತೆಯ ಬಿಷಪ್ಪರೂ ಪಶ್ಚಾತ್ತಾಪದಲ್ಲಿದ್ದವರೆಲ್ಲರಿಗೂ ಬಾಗಿಲು ತೆರೆದರು. ಹೊರಗೇ ನಿಲ್ಲಿಸಿದವರಿಂದ ಎರಡನೆಯ ಪರೀಕ್ಷೆಯಲ್ಲಿ ಧೈರ್ಯವನ್ನು ಹೇಗೆ ನಿರೀಕ್ಷಿಸುವುದೆಂಬುದು ಅವರ ವಾದ. ಸಿಪ್ರಿಯನನು 258ರಲ್ಲಿ, ಈ ಸಲ ಅಡಗದೆ, ಶಿರಚ್ಛೇದನಕ್ಕೆ ಕತ್ತನ್ನೊಡ್ಡಿದನು.

ಈ ಹಳೆಯ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸುಮಾರು ಸಾವಿರದ ಐನೂರು ವರ್ಷಗಳ ಅನಂತರ ಇದೇ ಪ್ರಶ್ನೆ ಕಾವೇರಿಯ ದ್ವೀಪವೊಂದರಲ್ಲಿ ಮರುಹುಟ್ಟು ಪಡೆಯಿತು.

ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪು ಸುಲ್ತಾನನು ಬಗೆದನು. 1784ರ ಫೆಬ್ರುವರಿಯಲ್ಲಿ, ಕ್ರೈಸ್ತರ ತಪಸ್ಸುಕಾಲವು ಆರಂಭವಾಗುವ ವಿಭೂತಿ ಬುಧವಾರದ ಸುಮಾರಿಗೆ, ಅವರನ್ನು ಕುಟುಂಬಸಹಿತವಾಗಿ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ದೇವಾಲಯಗಳನ್ನು ಕೆಡವಿ ಭೂಮಿಕಾಣಿಗಳನ್ನು ಬೇರೆಯವರಿಗೆ ಕೊಡಲಾಯಿತು. ಹೀಗೆ ಹೋದವರ ಸಂಖ್ಯೆಯನ್ನು ಇತಿಹಾಸಕಾರರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ನಾನಾ ವಿಧವಾಗಿ ಹೇಳುತ್ತಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಸತ್ತರು. ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಿ, ಯುವಕರನ್ನು ಸೈನ್ಯಕ್ಕೆ ಸೇರಿಸಲಾಯಿತು. ಇದೇ ಸುಲ್ತಾನನು 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನು ಕೊಳ್ಳೆಹೊಡೆದಾಗ ಅದರ ಪುನಃಸ್ಥಾಪನೆಗೆ ಧನಸಹಾಯ ಮಾಡಿ ವಿನಯದ ಪತ್ರಗಳನ್ನು ಬರೆದವನೆಂಬುದೂ ಇತಿಹಾಸವೇ. ಒಂದು ಸಂಗತಿಯಿಂದ ಇನ್ನೊಂದನ್ನು ಅಳಿಸಲು ಹೊರಡುವವರ ಗೋಜಿಗೆ ನಾನು ಹೋಗಲಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸುಲ್ತಾನನು ಹೋರಾಡುತ್ತಲೇ ಮಡಿದನು. ಹದಿನೈದು ವರ್ಷಗಳ ಸೆರೆ ಮುಗಿಯಿತು. ಹದಿನೈದು ವರ್ಷವೆಂದರೇನು ಸಾಮಾನ್ಯವೇ? ಹಸುಗೂಸಾಗಿ ಘಟ್ಟ ಹತ್ತಿದ್ದವನು ಮೀಸೆ ಮೂಡಿದ ಹುಡುಗನಾಗಿದ್ದನು. ಬೇರೆ ಹೆಸರಿನಿಂದ ಬೆಳೆದ ಮಕ್ಕಳಿಗೆ ತಾಯಿತಂದೆಯರ ಪ್ರಾರ್ಥನೆ ಬರುತ್ತಿರಲಿಲ್ಲ. ಈ ಚದರಿಹೋದ ಮಂದೆಯನ್ನು ಕೂಡಿಸುವುದಕ್ಕೆ ಬಂದವನು ಆಬೆ ಜೀನ್ ಆಂಟ್ವಾನ್ ದ್ಯೂಬ್ವಾ ಎಂಬ ಫ್ರೆಂಚ್ ಪಾದ್ರಿ. ಪ್ಯಾರಿಸಿನ ವಿದೇಶೀ ಮಿಷನ್ನಿನವನು. 1792ರಲ್ಲಿ ಅವನು ಫ್ರಾನ್ಸನ್ನು ಬಿಟ್ಟು ಭಾರತಕ್ಕೆ ಹೊರಟನು. ಕ್ರಾಂತಿಯ ಪ್ಯಾರಿಸಿನಲ್ಲಿ ಪಾದ್ರಿಗಳ ಕಗ್ಗೊಲೆ ನಡೆದದ್ದು ಅದೇ ವರ್ಷ. ಮೈಸೂರು ಸೀಮೆಗೆ ಬಂದ ಮೇಲೆ ಅವನು ನಮ್ಮವರಂತೆ ಉಡಿಗೆಯುಟ್ಟು, ನಮ್ಮವರಂತೆ ಉಂಡು, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿ’ಯೆನಿಸಿಕೊಂಡನು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವನ ದೊಡ್ಡ ಗ್ರಂಥವನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಹಣ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆ ಗ್ರಂಥದಲ್ಲಿ ಸೂಕ್ಷ್ಮವಾದ ವಿವರಣೆಗಳ ಪಕ್ಕದಲ್ಲಿಯೇ ಗಾಢವಾದ ಪೂರ್ವಗ್ರಹಗಳೂ ಇವೆ. ಸಿಡುಬಿಗೆ ದೇವಿ ಹಾಕುವ ಹೊಸ ಕ್ರಮವನ್ನು ಮೈಸೂರು ಸೀಮೆಯಲ್ಲಿ ಹರಡಿಸಿದವರಲ್ಲಿ ಅವನು ಮುಂದಾಳು. ನಿರ್ಗತಿಕರಾದ ಕ್ರೈಸ್ತರಿಗಾಗಿ ಬೇಸಾಯದ ವಸಾಹತುಗಳನ್ನೂ ಕಟ್ಟಿದನು.

ಅವನ ಕೆಲಸಗಳಲ್ಲಿ ನಮಗೆ ಇಲ್ಲಿ ಮುಖ್ಯವಾದದ್ದು ಮಾತ್ರ ಬೇರೆ. ಸೆರೆಯಲ್ಲಿ ಧರ್ಮವನ್ನು ಬಿಡಬೇಕಾಗಿ ಬಂದಿದ್ದವರು ಒಬ್ಬೊಬ್ಬರಾಗಿ, ಕುಟುಂಬ ಕುಟುಂಬವಾಗಿ ಬಂದು, ಬಿಟ್ಟದ್ದು ಹೊರಗಿನಿಂದ ಮಾತ್ರ, ಒಳಗೆ ನಂಬಿಕೆಯನ್ನು ಇಟ್ಟುಕೊಂಡೇ ಇದ್ದೆವೆಂದು ನಿವೇದಿಸಿಕೊಂಡರು. ತನ್ನ ಕೈಗೆ ಬಂದವರು ಸುಮಾರು 2,000 ಜನ, ಮಂಗಳೂರಿಗೆ ಮರಳಿ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡವರು ಸುಮಾರು 20,000 ಜನವೆಂದು ದ್ಯೂಬ್ವಾ ತಾನೇ ಬರೆದಿದ್ದಾನೆ. ನೊವೇಷಿಯನನ ಮಾತು ಗೆದ್ದಿದ್ದರೆ ಈ 22,000 ಜನರಿಗೂ ಬಾಗಿಲು ಮುಚ್ಚಿರಬೇಕಾಗಿತ್ತು. ಹಾಗಾಗಲಿಲ್ಲ, ಸಿಪ್ರಿಯನನ ಕಾಲದ ಜಗಳದಲ್ಲಿ ಇತ್ಯರ್ಥವಾದದ್ದು ಶ್ರೀರಂಗಪಟ್ಟಣದಲ್ಲಿ ಪ್ರಯೋಜನಕ್ಕೆ ಬಂದಿತು. ಇಂದು ಮಂಗಳೂರಿನ ಯಾವುದೇ ಹಳೆಯ ಇಗರ್ಜಿಯಲ್ಲಿ ಭಾನುವಾರ ಸೇರುವವರಲ್ಲಿ ಅನೇಕರು, ಹೀಗೆ ಮರಳಿ ಬಂದು ಸ್ವೀಕೃತರಾದವರ ಸಂತಾನದವರು. ಕ್ಷಮೆಯನ್ನು ಪರಂಪರೆಯೆಂದು ಕರೆಯುವುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕಿಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ದ್ಯೂಬ್ವಾನನ್ನು ಸಂತರ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ 1823ರಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತು ಲಂಡನ್ನಿನಲ್ಲಿ ಅವನು ಪ್ರಕಟಿಸಿದ ಪತ್ರಗಳನ್ನು ಓದಿದವರಿಗೆ ಬೇರೊಬ್ಬ ಮನುಷ್ಯನು ಕಾಣುತ್ತಾನೆ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ನಂಬಿಕೆಗಾಗಿ ಪ್ರಾಣ ಕೊಡುವ ಎದೆಗಾರಿಕೆಯನ್ನು ತೋರಲಿಲ್ಲವೆಂದು ಅವನು ಅಲ್ಲಿ ಛೀಮಾರಿ ಹಾಕುತ್ತಾನೆ. ಮತ್ತೊಮ್ಮೆ ಅಂಥ ಪರೀಕ್ಷೆ ಬಂದರೆ ಇವರು ಮತ್ತೆ ಹಾಗೆಯೇ ಮಾಡಿಯಾರೆಂದು ಭವಿಷ್ಯವನ್ನೂ ನುಡಿಯುತ್ತಾನೆ. ತಾನೇ ಬಾಗಿಲು ತೆರೆದು ಒಳಕ್ಕೆ ಬಿಟ್ಟವರನ್ನು, ತಾನೇ ಯಾರ ನಿವೇದನೆಯನ್ನು ಕೇಳಿದ್ದನೋ ಅವರನ್ನು, ಹೊರದೇಶದ ಓದುಗರ ಮುಂದೆ ಹೇಡಿಗಳೆಂದು ನಿಲ್ಲಿಸುವ ಈ ಮಾತನ್ನು ಓದಿದಾಗ ನನಗೆ ಕೋಪ ಬರುತ್ತದೆ. ಪಾದ್ರಿಗಳ ನೆತ್ತರು ಹರಿದ ವರ್ಷದಲ್ಲಿ ಸ್ವದೇಶವನ್ನು ಬಿಟ್ಟು ಕಡಲು ದಾಟಿದವನು, ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕತ್ತಿಯ ಮುಂದೆ ನಿಂತ ಕೃಷಿಕನಿಗೆ ಧೈರ್ಯದ ಪಾಠ ಹೇಳುವುದು ಸಲ್ಲದು. ಸಿಪ್ರಿಯನನಾದರೋ ಅಡಗಿಕೊಂಡಿದ್ದ ತನ್ನ ಲೆಕ್ಕವನ್ನು ಕೊನೆಗೆ ತಾನೇ ತೀರಿಸಿದನು.

ಆದರೂ ಕೋಪ ಇಳಿದ ಮೇಲೆ ಬೇರೊಂದು ವಿಚಾರ ಹೊಳೆಯುತ್ತದೆ. ಲೂಕನ ಸುವಾರ್ತೆಯಲ್ಲಿ ಬರುವ ತಪ್ಪಿಹೋದ ಮಗನ ಕಥೆಯನ್ನು ಬಲ್ಲವರು ಅನೇಕರು. ಆಸ್ತಿಯನ್ನೆಲ್ಲ ಹಾಳುಮಾಡಿ ಹಂದಿಗಳ ನಡುವೆ ಹಸಿದು ಮನೆಗೆ ಮರಳಿದ ಕಿರಿಯ ಮಗನನ್ನು ತಂದೆಯು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಕಥೆಯ ಎರಡನೆಯ ಭಾಗಕ್ಕೆ ಅಷ್ಟು ಪ್ರಸಿದ್ಧಿಯಿಲ್ಲ. ಹಿರಿಯ ಮಗನು ಹೊಲದಿಂದ ಬಂದು, ವಾದ್ಯಗಳ ಸದ್ದನ್ನು ಕೇಳಿ, ಸಿಟ್ಟಾಗಿ ಹೊರಗೇ ನಿಂತುಬಿಡುತ್ತಾನೆ. ಇಷ್ಟು ವರ್ಷ ದುಡಿದ ನನಗೆ ಒಂದು ಮೇಕೆಮರಿಯೂ ಇಲ್ಲ, ಕೆಟ್ಟುಬಂದವನಿಗೆ ಕೊಬ್ಬಿದ ಕರುವೇ ಎಂದು ಅವನು ಕೇಳಿದ್ದು ಅನ್ಯಾಯದ ಮಾತೇನೂ ಅಲ್ಲ. ಅವನು ಒಳಗೆ ಬಂದನೋ ಇಲ್ಲವೋ ಎಂಬುದನ್ನು ಯೇಸು ಹೇಳದೆಯೇ ಕಥೆಯನ್ನು ನಿಲ್ಲಿಸಿದ್ದಾನೆ. ದ್ಯೂಬ್ವಾನಲ್ಲಿ ಆ ತಂದೆಯೂ ಆ ಹಿರಿಯ ಮಗನೂ ಒಟ್ಟಿಗೆ ವಾಸವಾಗಿದ್ದರು. ಪೌರೋಹಿತ್ಯದ ಉಡುಪಿನಲ್ಲಿದ್ದಾಗ ಬಾಗಿಲು ತೆರೆದನು. ಲೇಖನಿ ಹಿಡಿದಾಗ ಹೊರಗೆ ನಿಂತು ಗೊಣಗಿದನು. ಇದರಿಂದ ಸಿದ್ಧವಾಗುವುದೇನೆಂದರೆ, ಕ್ಷಮೆಯು ಕೇವಲ ಕ್ಷಮಿಸುವವನ ಹೃದಯದ ಮೃದುತ್ವಕ್ಕೆ ಬಿಟ್ಟ ವಿಷಯವಾಗಿದ್ದಿದ್ದರೆ ಆ 2,000 ಜನರ ಗತಿ ಅನಿಶ್ಚಿತವಾಗಿರುತ್ತಿತ್ತು. ಅವನ ಮನಸ್ಸು ಹುಳಿಯಾಗಿದ್ದರೂ ಅವನು ಹೊತ್ತಿದ್ದ ಪದ್ಧತಿ ಅವನಿಗಿಂತ ದೊಡ್ಡದಾಗಿತ್ತು; ಪಶ್ಚಾತ್ತಾಪಪಟ್ಟು ಬಂದವನಿಗೆ ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಅದು ಅವನಿಗೆ ಕೊಟ್ಟಿರಲಿಲ್ಲ. ಕರ್ಮಕಾಂಡವೆಂದು, ಬರಿಯ ವಿಧಿಯೆಂದು ನಾವು ಹಗುರವಾಗಿ ಕಾಣುವ ವಿಷಯಗಳಲ್ಲಿ ಕೆಲವು ಹೀಗೆ ಮನುಷ್ಯನ ಅಲ್ಪತೆಯಿಂದ ಮನುಷ್ಯನನ್ನು ಕಾಪಾಡುತ್ತವೆ.

ಆ ಪದ್ಧತಿಯನ್ನು ಎಲ್ಲ ಕ್ರೈಸ್ತರೂ ಒಂದೇ ಬಗೆಯಾಗಿ ಉಳಿಸಿಕೊಂಡಿಲ್ಲ. ಕಥೋಲಿಕರಲ್ಲಿ ಗುರುವಿನ ಮುಂದೆ ಏಕಾಂತದಲ್ಲಿ ಪಾಪನಿವೇದನೆ ಮಾಡುವ ಕ್ರಮವಿದೆ. ವರ್ಷಕ್ಕೊಮ್ಮೆಯಾದರೂ ಮಾಡತಕ್ಕದ್ದೆಂದು 1215ರ ಲ್ಯಾಟರನ್ ಸಮ್ಮೇಳನವು ವಿಧಿಸಿತು. ಕೇಳಿದ್ದನ್ನು ಗುರುವು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಕ್ಷಮೆಯ ಹೆಸರಿನಲ್ಲಿ ಹಣದ ವ್ಯವಹಾರ ನಡೆದದ್ದನ್ನು ಕಂಡು 1517ರಲ್ಲಿ ಮಾರ್ಟಿನ್ ಲೂಥರನು ಎತ್ತಿದ ಆಕ್ಷೇಪದಿಂದ ಪಶ್ಚಿಮದ ಸಭೆಯೇ ಇಬ್ಭಾಗವಾಯಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಪ್ರೊಟೆಸ್ಟಂಟರು ಒಟ್ಟಾಗಿ ನಿಂತು ದೇವರಿಗೆ ನೇರವಾಗಿ ತಪ್ಪೊಪ್ಪಿಕೊಳ್ಳುತ್ತಾರೆ. ನಮ್ಮ ದೇಶದ ಒಂದು ಕೊಡುಗೆಯನ್ನು ಮಾತ್ರ ಇಲ್ಲಿ ಹೇಳದಿರಲಾಗದು. 1947ರ ಸೆಪ್ಟೆಂಬರಿನಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದ ಕನ್ನಡ ಸಭೆ ಅದಕ್ಕೆ ಸೇರಿದ್ದು. ಈ ಹೊಸ ಸಭೆ 1950ರಲ್ಲಿ ಹೊರತಂದ ಆರಾಧನಾಕ್ರಮದಲ್ಲಿ, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಬಂದಿದ್ದ ಒಂದು ಪ್ರಾಚೀನ ಆಚರಣೆಗೆ ಮತ್ತೆ ಸ್ಥಾನ ಕೊಟ್ಟಿತು: ಕರ್ತನ ಭೋಜನಕ್ಕೆ ಮುಂಚೆ, ಸಭಿಕರು ಅಕ್ಕಪಕ್ಕದವರ ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿದು ಸಮಾಧಾನವನ್ನು ಕೊಟ್ಟು ತೆಗೆದುಕೊಳ್ಳುವುದು. ಕಾಣಿಕೆಯನ್ನು ತಂದವನು, ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕೆಂಬ ಯೇಸುವಿನ ಬೋಧನೆಗೆ ಈ ಆಚರಣೆಯು ಸಾಕಾರರೂಪ. ಇದನ್ನು ನೋಡಿ ಕಲಿತ ಪಶ್ಚಿಮದ ಅನೇಕ ಸಭೆಗಳು ತಮ್ಮ ಆರಾಧನೆಯಲ್ಲಿಯೂ ಇದನ್ನು ಅಳವಡಿಸಿಕೊಂಡವು. ಪಕ್ಕದ ಬೆಂಚಿನಲ್ಲಿ ಆಸ್ತಿಯ ವ್ಯಾಜ್ಯ ಹೂಡಿದ ದಾಯಾದಿಯೇ ಕುಳಿತಿದ್ದಾಗ ಈ ವಿಧಿ ಎಷ್ಟು ಕಷ್ಟವೆಂಬುದನ್ನು ಸಭಾಪಾಲಕರನ್ನು ಕೇಳಿದರೆ ತಿಳಿದೀತು.

ಇನ್ನು ಕ್ಷಮೆಯ ದುರುಪಯೋಗದ ಮಾತು. ಕುಡಿದುಬಂದು ಹೊಡೆಯುವ ಗಂಡನನ್ನು ಕ್ಷಮಿಸಮ್ಮ ಎಂದು ಹೆಂಡತಿಗೆ ಹೇಳಿ ಮನೆಗೆ ಕಳುಹಿಸುವ ಹಿರಿಯರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಕ್ರೈಸ್ತರಲ್ಲಿ ಅವರ ಬಾಯಿಗೆ ಏಳೆಪ್ಪತ್ತರ ಲೆಕ್ಕವೂ ಸುಲಭವಾಗಿ ಸಿಕ್ಕುತ್ತದೆ. ದುರ್ಬಲನಿಗೆ ಕ್ಷಮೆಯನ್ನು ಬೋಧಿಸಿ ಬಲಿಷ್ಠನಿಗೆ ಪಶ್ಚಾತ್ತಾಪವನ್ನು ಬೋಧಿಸದಿರುವುದು ಅಧರ್ಮ. ಹಿಟ್ಲರನ ಸರ್ಕಾರವು 1945ರ ಏಪ್ರಿಲಿನಲ್ಲಿ ಗಲ್ಲಿಗೇರಿಸಿದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರನು, ಪಶ್ಚಾತ್ತಾಪವನ್ನು ಕೇಳದೆ ಹಂಚುವ ಕ್ಷಮೆಯನ್ನು ಅಗ್ಗದ ಸರಕೆಂದು ನಿಂದಿಸಿದ್ದನು. ವನಪರ್ವದಲ್ಲಿ ದ್ರೌಪದಿಯು, ಪ್ರಹ್ಲಾದನು ಬಲಿಗೆ ಹೇಳಿದ ನೀತಿಯನ್ನು ಉದಾಹರಿಸಿ, ಯಾವಾಗಲೂ ಕ್ಷಮಿಸುವವನು ಸೇವಕರಿಗೂ ಶತ್ರುಗಳಿಗೂ ಸದರವಾಗುತ್ತಾನೆಂದು ಗಂಡನಿಗೆ ಹೇಳಿದ್ದು ಇದೇ ಎಚ್ಚರಿಕೆಯನ್ನು. ಆಕೆಯ ವಾದಕ್ಕೆ ಧರ್ಮರಾಯನು ಕೊಟ್ಟ ಉತ್ತರ ಉದಾತ್ತವಾದದ್ದು; ಆದರೆ ಅಪಮಾನಿತಳಾದವಳು ಆಕೆ, ಅವನಲ್ಲವೆಂಬುದನ್ನು ಓದುಗನು ಮರೆಯಲಾರನು.

ಕ್ಷಮೆಗೂ ದಂಡನೆಗೂ ಇರುವ ಭೇದವನ್ನು ನಮ್ಮ ಕಾಲದಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟವರು ಗ್ಲಾಡಿಸ್ ಸ್ಟೇನ್ಸ್. ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಅವರ ಪತಿ ಗ್ರಹಾಂ ಸ್ಟೇನ್ಸರನ್ನೂ ಫಿಲಿಪ್, ತಿಮೋಥಿ ಎಂಬ ಇಬ್ಬರು ಎಳೆಯ ಗಂಡುಮಕ್ಕಳನ್ನೂ 1999ರ ಜನವರಿಯ ಒಂದು ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದಾಗಲೇ ಸುಟ್ಟರು. ಕೊಂದವರನ್ನು ಕ್ಷಮಿಸಿದ್ದೇನೆಂದು ಆಕೆ ಹೇಳಿ, ಇನ್ನೂ ಕೆಲವು ವರ್ಷ ಬಾರಿಪದದಲ್ಲಿಯೇ ನಿಂತು ಆ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀಯನ್ನು ನೀಡಿತು. ಅವರ ಕ್ಷಮೆಯಿಂದ ನ್ಯಾಯಾಲಯದ ವಿಚಾರಣೆ ನಿಲ್ಲಲಿಲ್ಲ, ನಿಲ್ಲಬೇಕೆಂದು ಅವರು ಕೇಳಲೂ ಇಲ್ಲ. ಮುಖ್ಯ ಅಪರಾಧಿಗೆ ವಿಧಿಸಿದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು. ದ್ವೇಷವನ್ನು ಬಿಡುವುದು ಗಾಯಗೊಂಡವರ ಅಧಿಕಾರ, ಶಿಕ್ಷಿಸುವುದು ರಾಜ್ಯದ ಕರ್ತವ್ಯ. ಒಂದು ಇನ್ನೊಂದರ ಕೆಲಸಕ್ಕೆ ಕೈಹಾಕಬೇಕಾಗಿಲ್ಲ.

ಗೊರಗುಂಟೆಪಾಳ್ಯದಿಂದ ಯಶವಂತಪುರವನ್ನು ದಾಟಿ ಮಲ್ಲೇಶ್ವರದ ಕಡೆಗೆ ಹೋದರೆ ಸಂತ ಪೇತ್ರರ ಗುರುವಿದ್ಯಾಮಂದಿರವಿದೆ. ದ್ಯೂಬ್ವಾ ಸೇರಿದ್ದ ಅದೇ ಪ್ಯಾರಿಸಿನ ಮಿಷನ್ನಿನವರು ಪುದುಚೇರಿಯಲ್ಲಿ ಆರಂಭಿಸಿದ ಸಂಸ್ಥೆ ಅದು. 1930ರ ದಶಕದಲ್ಲಿ ಬೆಂಗಳೂರಿಗೆ ಬಂದಿತು. ಪಾಪನಿವೇದನೆಯನ್ನು ಕೇಳುವುದು ಹೇಗೆ, ಬಿದ್ದವನನ್ನು ಎತ್ತುವುದು ಹೇಗೆ ಎಂಬುದನ್ನು ಅಲ್ಲಿ ಇಂದಿಗೂ ತರುಣರಿಗೆ ಕಲಿಸುತ್ತಾರೆ. ಆ ಸಂಸ್ಥೆಗೆ ಮೂರು ಬಾರಿ ಗುರುವನ್ನು ನಿರಾಕರಿಸಿದವನ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ.

ಟಿಪ್ಪುವಿನ ಜಯಂತಿಯನ್ನು ಸರ್ಕಾರ ಆಚರಿಸಬೇಕೇ ಬೇಡವೇ ಎಂದು 2015ರಿಂದ ಈಚೆಗೆ ನಮ್ಮ ರಾಜ್ಯದಲ್ಲಿ ನಡೆದ ವಾದಗಳಲ್ಲಿ 1784ನ್ನು ಎಲ್ಲರೂ ಎತ್ತಿದರು. ಒಬ್ಬರು ಆರೋಪಕ್ಕಾಗಿ, ಇನ್ನೊಬ್ಬರು ಸಮರ್ಥನೆಗಾಗಿ. 1799ರ ಅನಂತರ ಏನಾಯಿತೆಂದು ಕೇಳಿದವರು ಮಾತ್ರ ವಿರಳ. ಸೆರೆಯಿಂದ ಬಿಡುಗಡೆಯಾದವರು ಊರಿಗೆ ಹಿಂದಿರುಗಿ, ತಮ್ಮ ನಡುವೆ ಮುರಿದವರನ್ನೂ ಮುರಿಯದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿಕೊಂಡು, ನೆರೆಯವರ ಮೇಲೆ ಸೇಡು ಸಾಧಿಸುವುದರಲ್ಲಿ ಆಯುಷ್ಯವನ್ನು ಕಳೆಯದೆ ಹೊಲ, ಮನೆ, ಶಾಲೆ, ಇಗರ್ಜಿಗಳನ್ನು ಕಟ್ಟಿಕೊಂಡ ಚರಿತ್ರೆಯು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟಕ್ಕೆ ಅರ್ಹವಾದದ್ದು. ದ್ಯೂಬ್ವಾ 1823ರಲ್ಲಿ ಭಾರತವನ್ನು ಬಿಟ್ಟವನು ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಅವನ ಹೆಸರಿನಿಂದಲೇ ಜನ ಗುರುತಿಸುವ ದೇವಾಲಯವು ಶ್ರೀರಂಗಪಟ್ಟಣದ ಗಂಜಾಂನಲ್ಲಿದೆ, ಟಿಪ್ಪು ಸುಲ್ತಾನನ ಗೋರಿಯಾದ ಗುಂಬಜ್ ಇರುವುದೂ ಅದೇ ಗಂಜಾಂನಲ್ಲಿಯೇ. ಗುಂಬಜನ್ನು ನೋಡಲು ಹೋಗುವ ಪ್ರವಾಸಿಗಳು ಆ ದೇವಾಲಯವನ್ನೂ ನೋಡಿಕೊಂಡು ಬರಬೇಕೆಂದು, ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಎರಡರ ಕಥೆಯನ್ನೂ ಒಂದೇ ದಿನ ಹೇಳಬೇಕೆಂದು ನನ್ನ ಕೋರಿಕೆ.